ಕೆಂಪು ತ್ರಿಕೋನಕ್ಕೂ ಮುಂಚಿನ ಕಥೆ

ಕುಟುಂಬ ಯೋಜನೆ ಅಂದ ಕೂಡಲೇ ನೆನಪಾಗೋದು ಸರ್ಕಾರಿ ಆಸ್ಪತ್ರೆ ಗೋಡೆಯ ಕೆಂಪು ತ್ರಿಕೋನ, 'ಆರತಿಗೊಬ್ಬಳು ಕೀರ್ತಿಗೊಬ್ಬ' ಅನ್ನೋ ಘೋಷಣೆ. ಇದೆಲ್ಲಾ ಇಂದಿರಾ ಗಾಂಧಿ ಕಾಲದಲ್ಲಿ ದೆಹಲಿಯಿಂದ ಇಳಿದು ಬಂದದ್ದು ಅಂತ ಬಹಳ ಜನ ತಿಳಿದಿದ್ದಾರೆ. ಆದರೆ ಇದರ ಬೇರು ನಮ್ಮ ಹಳೇ ಮೈಸೂರಿನಲ್ಲೇ ಇದೆ ಸ್ವಾಮಿ.

1930ರ ಜೂನ್. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಮಿರ್ಜಾ ಇಸ್ಮಾಯಿಲ್ ದಿವಾನರು. ರಾಜ್ಯದ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಿರಿ ಅಂತ ಮೈಸೂರು ಸರ್ಕಾರ ಆದೇಶ ಹೊರಡಿಸಿತು. ಸರ್ಕಾರವೇ ಮುಂದೆ ನಿಂತು ಇಂಥದ್ದನ್ನು ಮಾಡಿದ್ದು ಜಗತ್ತಿನಲ್ಲೇ ಮೊದಲು ಅಂತ ಇತಿಹಾಸದಲ್ಲಿ ಗುರುತಿಸುತ್ತಾರೆ.

ಇದೇನು ಮಹಾ ಅಂತೀರಾ? 1916ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಗರೆಟ್ ಸ್ಯಾಂಗರ್ ಕ್ಲಿನಿಕ್ ತೆರೆದಾಗ ಹತ್ತೇ ದಿನದೊಳಗೆ ಪೊಲೀಸರು ಬಂದರು, ಆಕೆ ಜೈಲಿಗೂ ಹೋದರು. ಮುಂಬಯಿಯಲ್ಲಿ 1921ರಲ್ಲಿ ಈ ಕೆಲಸ ಶುರು ಮಾಡಿದ ರ. ಧೋ. ಕರ್ವೆ ಕಾಲೇಜಿನ ನೌಕರಿಯನ್ನೇ ಬಿಡಬೇಕಾಯಿತು. ಅಂಥ ಕಾಲದಲ್ಲಿ ನಮ್ಮ ಸರ್ಕಾರ ಹೀಗೊಂದು ಆದೇಶ ಬರೆಯಿತು.

ನಮ್ಮ ಮೂಡಿಗೆರೆ ಆಗ ಇದೇ ಮೈಸೂರು ರಾಜ್ಯದ ಕಡೂರು ಜಿಲ್ಲೆಯಲ್ಲಿತ್ತು. ಆದರೆ ಬೆಂಗಳೂರು, ಮೈಸೂರಿನ ಆಸ್ಪತ್ರೆಯ ಕ್ಲಿನಿಕ್ಕು ಕಾಫಿ ತೋಟದ ಲೈನ್ ಮನೆಯ ಹೆಂಗಸಿಗೆ ಎಷ್ಟು ದೂರ ಅಂತ ಯೋಚನೆ ಮಾಡಿ. ಮುಂಗಾರು ಹಿಡಿದರೆ ಪಕ್ಕದೂರಿಗೆ ಹೋಗೋದೇ ಕಷ್ಟ, ಜೊತೆಗೆ ಮಲೇರಿಯಾ. ಆದೇಶ ರಾಜ್ಯಕ್ಕೆಲ್ಲ ಹೆಮ್ಮೆ ತಂದರೂ ಅನುಕೂಲ ಮಾತ್ರ ಪೇಟೆಗೆ.

ಇನ್ನೊಂದು ವಿಷಯ. ಆಗಿನ 'ತಾಯಂದಿರು' ಅಂದರೆ ಎಷ್ಟು ವಯಸ್ಸಿನವರು? ಮೈಸೂರಿನ 1894ರ ಬಾಲ್ಯವಿವಾಹ ತಡೆ ಕಾಯ್ದೆ ನಿಷೇಧಿಸಿದ್ದು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು. 1929ರ ಶಾರದಾ ಕಾಯ್ದೆ ಹದಿನಾಲ್ಕಕ್ಕೆ ಏರಿಸಿತಾದರೂ ಅದು ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ, ಸಂಸ್ಥಾನಗಳಿಗಲ್ಲ. ಅಂದರೆ ಇವತ್ತು ನಾವು ಹೈಸ್ಕೂಲು ಹುಡುಗಿ ಅನ್ನೋ ವಯಸ್ಸಿನವರು ಆಗ ಬಸುರಿ, ಬಾಣಂತಿ. ಗರ್ಭನಿರೋಧ ಮೊದಲಿನಿಂದಲೂ ಎಳೆಯರ ವಿಷಯವೇ ಆಗಿತ್ತು. ಕೊರಳಲ್ಲಿ ತಾಳಿ ಇದ್ದದ್ದರಿಂದ ಯಾರೂ ಹಾಗೆ ಕರೆಯಲಿಲ್ಲ ಅಷ್ಟೆ.

ಸ್ವಾತಂತ್ರ್ಯದ ನಂತರ 1952ರಲ್ಲಿ ಭಾರತ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮ ಮಾಡಿಕೊಂಡಿತು. ಆ ಹೊತ್ತಿನಲ್ಲಿ 'ಸುರಕ್ಷಿತ ದಿನ'ಗಳ ಲೆಕ್ಕ ಕಲಿಸುವ ಪ್ರಯೋಗ ನಡೆದ ಜಾಗಗಳಲ್ಲಿ ನಮ್ಮ ರಾಮನಗರವೂ ಒಂದು. ದಿನಕ್ಕೊಂದರಂತೆ ಸರಿಸಲು ಬಣ್ಣದ ಮಣಿಗಳ ಸರ ಕೊಟ್ಟಿದ್ದರು. 1968ರಲ್ಲಿ ನಿರೋಧ್ ಬಂತು, ಮೂರಕ್ಕೆ 15 ಪೈಸೆ. ಆಮೇಲೆ ತುರ್ತು ಪರಿಸ್ಥಿತಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಆಪರೇಷನ್! ಉತ್ತರ ಭಾರತದಲ್ಲಿ ಆ ಸಿಟ್ಟು 1977ರ ಚುನಾವಣೆಯಲ್ಲಿ ಕಾಂಗ್ರೆಸ್ಸನ್ನು ಸುಟ್ಟಿತು. ಕರ್ನಾಟಕದಲ್ಲಿ ಮಾತ್ರ ಅದು 28ರಲ್ಲಿ 26 ಸೀಟು ಗೆದ್ದಿತ್ತು. ಮರುವರ್ಷ ಇಂದಿರಾರಿಗೆ ಚಿಕ್ಕಮಗಳೂರು ಬಿಟ್ಟುಕೊಟ್ಟವರು ನಮ್ಮ ಮೂಡಿಗೆರೆ ತಾಲ್ಲೂಕಿನ ಡಿ. ಬಿ. ಚಂದ್ರೇಗೌಡರು. ಆ ಉಪಚುನಾವಣೆಯ ಕಥೆ ಎಲ್ಲರಿಗೂ ಗೊತ್ತು.

ಒತ್ತಾಯದ ಆ ವರ್ಷಗಳಾದ ಮೇಲೆ ಆಪರೇಷನ್ನಿನ ಭಾರ ಹೆಚ್ಚುಕಮ್ಮಿ ಪೂರ್ತಿ ಹೆಂಗಸರ ಮೇಲೆ ಬಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ವಿಧಾನ ಅದೇ. ಗಂಡಸರ ಲೆಕ್ಕ ಸೊನ್ನೆಯ ಹತ್ತಿರ. ಅಂದರೆ ನಮ್ಮ ವ್ಯವಸ್ಥೆಗೆ ಚೆನ್ನಾಗಿ ಗೊತ್ತಿರುವುದು 'ಮಕ್ಕಳು ಸಾಕು' ಅನ್ನುವವರಿಗೆ ಸಹಾಯ ಮಾಡೋದು. 'ಈಗ ಬೇಡ' ಅನ್ನುವ ಇಪ್ಪತ್ತರ ಹುಡುಗ ಹುಡುಗಿಗೆ ಅಲ್ಲ.

ಈಗ ಮದುವೆಯ ವಯಸ್ಸು ಮುಂದೆ ಹೋಗಿದೆ, ಓದು ಕೆಲಸ ಅಂತ ಊರು ಬಿಡುವ ವಯಸ್ಸು ಹಿಂದೆ ಬಂದಿದೆ. ನಡುವಿನ ವರ್ಷಗಳಿಗೆ ಯಾರು ದಿಕ್ಕು? 2007ರಲ್ಲಿ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮ ಶಾಲೆಗೆ ಬಂದಾಗ, ಬೇಡ ಅಂದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. 1930ರಲ್ಲಿ ಜಗತ್ತಿಗೇ ಮೊದಲಾದವರು ನಾವೇ ತಾನೇ! ಹದಿಹರೆಯದವರಿಗೆ ಅಂತ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್' ಮಾಡಿದರು, ಒಳ್ಳೆಯ ಹೆಸರು. ಆದರೆ ಸಣ್ಣ ಊರಿನಲ್ಲಿ ಆ ಬಾಗಿಲು ತಳ್ಳೋದು ಸುಲಭವಲ್ಲ. ಚೀಟಿ ಬರೆಯುವವರು ಅಪ್ಪನ ಪರಿಚಯದವರು, ಔಷಧಿ ಅಂಗಡಿಯವರು ಅಮ್ಮನ ಕಡೆ ನೆಂಟರು.

ಕಾನೂನು ಸ್ವಲ್ಪ ಮುಂದೆ ನಡೆದಿದೆ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ 'ವಿವಾಹಿತ ಸ್ತ್ರೀ ಅಥವಾ ಆಕೆಯ ಗಂಡ' ಅಂತಿದ್ದಲ್ಲಿ 'ಸ್ತ್ರೀ ಅಥವಾ ಆಕೆಯ ಸಂಗಾತಿ' ಅಂತ ಬರೆಯಿತು. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಇದರಲ್ಲಿ ಮದುವೆಯಾದವರು ಆಗದವರು ಅಂತ ಭೇದ ಮಾಡುವ ಹಾಗಿಲ್ಲ ಅಂದಿತು. ಗರ್ಭಪಾತಕ್ಕೆ ಬಂದ ಹದಿನೆಂಟರೊಳಗಿನ ಹುಡುಗಿಯೂ ಆಕೆಯ ಪೋಷಕರೂ ಕೇಳಿಕೊಂಡರೆ, ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ವರದಿ ಕೊಡುವಾಗ ವೈದ್ಯರು ಆಕೆಯ ಹೆಸರು ಹೇಳಬೇಕಿಲ್ಲ ಅಂತಲೂ ಹೇಳಿತು.

ತೊಂಬತ್ತಕ್ಕೂ ಹೆಚ್ಚು ವರ್ಷದ ಹಿಂದೆ ಒಂದು ಸಂಸ್ಥಾನಕ್ಕೆ ನಾಚಿಕೆ ಅಡ್ಡ ಬರಲಿಲ್ಲ. ಹೆಸರು ಕೇಳದೆ, ಮದುವೆ ಆಗಿದೆಯಾ ಅಂತ ವಿಚಾರಿಸದೆ, ಕೇಳಿದ್ದಕ್ಕೆ ಉತ್ತರ ಕೊಡುವ ಒಂದು ಕೋಣೆ ಪ್ರತಿ ತಾಲ್ಲೂಕಿಗೂ ಬೇಕು. ಅದು ಮೊದಲಿನ ಆ ಆದೇಶಕ್ಕಿಂತ ದೊಡ್ಡ ಕ್ರಾಂತಿಯೇನಲ್ಲ. ನಿಮ್ಮೂರಿನಲ್ಲಿ ಅಂಥ ಕೋಣೆ ಇದೆಯಾ? ಇದ್ದರೆ ಬರೆಯಿರಿ.