ರೊಟ್ಟಿಯ ಪಕ್ಕದ ಬೇಳೆ: ಆದವಾನಿ ಸೀಮೆಯ ಊಟದ ಚರಿತ್ರೆ

ಕಾಸರಗೋಡಿನವರಾದ ನಮಗೆ ಗಡಿ ಎಂದೊಡನೆ ನೆನಪಾಗುವುದು 1956. ಅದಕ್ಕೂ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು, ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಹೊಸ ಆಂಧ್ರ ರಾಜ್ಯದ ಪಾಲಾದವು. ಆದವಾನಿಯೂ ಆಲೂರೂ ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಾದವು. ಅಲ್ಲಿ ಕನ್ನಡದ ಮನೆಗಳೂ ತೆಲುಗಿನ ಮನೆಗಳೂ ಅಕ್ಕಪಕ್ಕದಲ್ಲಿವೆ. ಇವರ ಜೋಳದ ರೊಟ್ಟಿ ಅವರ ಜೊನ್ನ ರೊಟ್ಟೆ. ಇವರ ಪುಂಡಿಪಲ್ಯ ಅವರ ಗೋಂಗೂರ. ರಾಜ್ಯ ಬದಲಾದ ಮಾತ್ರಕ್ಕೆ ತಟ್ಟೆ ಬದಲಾಗಲಿಲ್ಲ. ತಟ್ಟೆ ಬದಲಾದ ಕಥೆಯೇ ಬೇರೆ.

ಎರೆಭೂಮಿಯ ಈ ಸೀಮೆಯಲ್ಲಿ ಮಳೆ ಕಡಿಮೆ. ಜೋಳ, ಸಜ್ಜೆ, ನವಣೆ ಬೆಳೆದು ಹಗೇವುಗಳಲ್ಲಿ ತುಂಬಿಟ್ಟು, ಮಳೆ ಕೈಕೊಟ್ಟ ವರ್ಷವನ್ನು ದಾಟುವುದು ರೈತರ ಕ್ರಮವಾಗಿತ್ತು. 1861ರಿಂದ 65ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಗೆ ಬೆಲೆ ಬಂತು. 1871ರ ಹೊತ್ತಿಗೆ ಮದ್ರಾಸು–ರಾಯಚೂರು ರೈಲು ಆದವಾನಿಯ ಮೇಲೆ ಹಾದುಹೋಯಿತು. ಕಾಳು ಹಗೇವಿನಲ್ಲಿ ಕೂರುವ ಬದಲು ಪೇಟೆಯ ಬೆಲೆಯನ್ನು ಹಿಂಬಾಲಿಸಿ ಹೋಗುವ ದಾರಿ ತೆರೆಯಿತು.

1876ರಲ್ಲಿ ಮಳೆ ಬರಲಿಲ್ಲ. ತೆಲುಗರು ಧಾತ ಕರುವು ಎನ್ನುವ ಆ ಬರದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿ, ಕರ್ನೂಲು, ಕಡಪ ಸೇರಿದ್ದವು. 1871 ಮತ್ತು 1881ರ ಜನಗಣತಿಗಳ ನಡುವೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಕರಗಿತ್ತು.

ಈ ಬರದ ನಡುವೆಯೇ ಒಂದು ವಿಚಿತ್ರ ವಾದ ನಡೆಯಿತು: ಬದುಕಲು ಮನುಷ್ಯನಿಗೆ ದಿನಕ್ಕೆ ಎಷ್ಟು ಅನ್ನ ಬೇಕು? ವೈಸರಾಯ್ ಲಿಟ್ಟನ್ ಕಳುಹಿಸಿದ ಸರ್ ರಿಚರ್ಡ್ ಟೆಂಪಲ್ 1877ರ ಜನವರಿಯಲ್ಲಿ ಮದ್ರಾಸಿಗೆ ಬಂದು, ಪರಿಹಾರ ಕಾಮಗಾರಿಯ ಕೂಲಿಯನ್ನು ಒಂದು ಪೌಂಡ್ ಕಾಳು, ಅಂದರೆ ಸುಮಾರು 450 ಗ್ರಾಂ, ಮತ್ತು ಅಲ್ಪ ಕಾಸಿಗೆ ಇಳಿಸಿದ. ಹಿಂದೆ ಬಿಹಾರದ ಬರದಲ್ಲಿ ಧಾರಾಳವಾಗಿ ಖರ್ಚು ಮಾಡಿ ಬೈಸಿಕೊಂಡಿದ್ದವನು ಇವನೇ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಷ್ ಒಪ್ಪಲಿಲ್ಲ. ಕಲ್ಲು ಮಣ್ಣು ಹೊರುವವನಿಗೆ ಒಂದೂವರೆ ಪೌಂಡ್ ಕಾಳಾದರೂ ಬೇಕು, ಅದರ ಜೊತೆಗೆ ತರಕಾರಿ, ಬೇಳೆ ಬೇಕು ಎಂದು ಆತ ವಾದಿಸಿದ. ಮಾರ್ಚಿನಲ್ಲಿ ಮದ್ರಾಸ್ ಸರಕಾರ ಅರ್ಧ ದಾರಿ ಬಂದಿತು: ಒಂದೂಕಾಲು ಪೌಂಡ್ ಕಾಳು, ಒಂದೂವರೆ ಔನ್ಸ್ ಬೇಳೆ. ದಿನವೂ ಅಂಕಿಗಳ ನಡುವೆ ಕೂರುವ ನನ್ನಂಥವನಿಗೂ, ಆ ನಲವತ್ತು ಚಿಲ್ಲರೆ ಗ್ರಾಂ ಬೇಳೆಯ ಲೆಕ್ಕ ಓದುವಾಗ ಕೈ ನಡುಗುತ್ತದೆ.

ಹಾಗೆಂದು ಜೋಳವೊಂದೇ ಇದ್ದರೆ ಸಾಕೆಂದಲ್ಲ. ದಖ್ಖಣದ ಬಡ ಕೂಲಿಕಾರರಲ್ಲಿ ಪೆಲಾಗ್ರಾ ಎಂಬ ಕಾಯಿಲೆ ಇತ್ತು. ಬಿಸಿಲು ತಾಗುವ ಚರ್ಮ ಕಪ್ಪಾಗಿ ಸುಲಿಯುವುದು, ಹೊಟ್ಟೆ ಕೆಡುವುದು, ಮನಸ್ಸು ಮಂಕಾಗುವುದು ಅದರ ಲಕ್ಷಣ. 1960ರಲ್ಲಿ ಹೈದರಾಬಾದಿನ ಸಂಶೋಧಕರಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಇದನ್ನು ಜೋಳದಲ್ಲಿರುವ ಲ್ಯೂಸಿನ್ ಅಂಶದೊಂದಿಗೆ ಜೋಡಿಸಿ ಬರೆದರು. ಕಾರಣದ ಬಗೆಗೆ ಚರ್ಚೆ ಮುಂದುವರಿದರೂ ಒಂದು ಮಾತು ನಿಂತಿತು: ಕಾಯಿಲೆ ಬರುತ್ತಿದ್ದುದು ಹೆಚ್ಚುಕಡಿಮೆ ಜೋಳವನ್ನಷ್ಟೇ ತಿನ್ನುವಂತಾದವರಿಗೆ. ರೊಟ್ಟಿಯ ಪಕ್ಕದಲ್ಲಿ ಬೇಳೆ, ಸೊಪ್ಪು, ಮಜ್ಜಿಗೆ, ಶೇಂಗಾ ಇದ್ದ ಮನೆಗೆ ಆ ಭಯವಿರಲಿಲ್ಲ. ನಾವು ಹಳೆಯ ಊಟವೆಂದು ಹೊಗಳುವುದು ಉಳ್ಳವರ ತಟ್ಟೆಯನ್ನು. ಇಲ್ಲದವರ ತಟ್ಟೆಯಲ್ಲಿ ರೊಟ್ಟಿಯೊಂದೇ ಇತ್ತು.

ಆಮೇಲೆ ಅಕ್ಕಿ ಬಂತು. ತುಂಗಭದ್ರೆಯ ಕಾಲುವೆ ನೀರು ಬಂತು, 1983ರಲ್ಲಿ ಎನ್. ಟಿ. ರಾಮರಾಯರ ಸರಕಾರ ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ಕೊಟ್ಟಿತು. ಹಸಿದವರಿಗೆ ಅದು ದೊಡ್ಡ ಉಪಕಾರವೇ. ಅಣಕಿಸುವ ಹಕ್ಕು ಹೊಟ್ಟೆ ತುಂಬಿದವರಿಗಿಲ್ಲ. ಆದರೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ಹೊಲದ ಕೆಲಸ ಬಿಟ್ಟು ಕುರ್ಚಿಯಲ್ಲಿ ಕೂರುವವರು ಮೂರು ಹೊತ್ತೂ ಬಿಳಿ ಅನ್ನ ಉಂಡರೆ ಸಕ್ಕರೆ ಕಾಯಿಲೆಗೆ ದಾರಿ ಸುಗಮವಾಗುತ್ತದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ಒಂದು ಕಾಲದಲ್ಲಿ ಬಡವರ ಕಾಳಾಗಿದ್ದ ನವಣೆ ಈಗ ಚಂದದ ಪೊಟ್ಟಣದಲ್ಲಿ ಪೇಟೆಯವರ ಪಾಲಾಗುತ್ತಿದೆ.

ನಮ್ಮ ಕಡೆಯ ಕುಚ್ಚಲಕ್ಕಿ ಗಂಜಿಯ ಮಾತೂ ಇದೇ. ಭತ್ತವನ್ನು ಬೇಯಿಸಿ ಒಣಗಿಸುವಾಗ ತವುಡಿನಲ್ಲಿರುವ ಬಿ ಜೀವಸತ್ವದ ಒಂದಂಶ ಅಕ್ಕಿಯ ಒಳಗಿಳಿಯುತ್ತದೆ. ಜೊತೆಗೆ ಹೆಸರುಕಾಳು ಬಡಿಸುತ್ತಾರೆ. ಮಲಯಾಳದವರ ಕಂಞಿ–ಪಯರು ಇದೇ ಜೋಡಿ. ಜೋಳ ಮೇಲೋ ಅಕ್ಕಿ ಮೇಲೋ ಎಂಬ ಜಗಳಕ್ಕಿಂತ, ಅದರ ಪಕ್ಕದಲ್ಲಿ ಏನಿದೆ ಎಂದು ಪ್ರತಿದಿನ ನೋಡಿಕೊಳ್ಳುವುದು ಮುಖ್ಯ. 1877ರಲ್ಲಿ ಕಾರ್ನಿಷ್ ಸರಕಾರದ ಮುಂದೆ ಇಟ್ಟ ಬೇಡಿಕೆಯೂ ಅಷ್ಟೇ ಆಗಿತ್ತು. ಪಡಿತರದ ಚೀಲದಲ್ಲಿ ಅಕ್ಕಿಯ ಜೊತೆ ಬೇಳೆ ಎಷ್ಟು ಎಂದು ಇಂದಿಗೂ ಕೇಳಬೇಕಾಗಿದೆ.