ಬ್ಯಾಕಪ್: ನಕಲಿಗೆ ನೆನಪು ಬಂದ ಕತೆ

ಮನೆಯಲ್ಲಿ ಎರಡು ವಿಂಡೋಸ್ ಲ್ಯಾಪ್‌ಟಾಪ್, ಮಗಳದೊಂದು ಮ್ಯಾಕ್, ಮೂಲೆಯಲ್ಲಿ ಹಳೆಯ ಡೆಸ್ಕ್‌ಟಾಪ್; ಎಲ್ಲಕ್ಕೂ ಒಂದೇ ವೈಫೈ. ಫೈಲುಗಳೆಲ್ಲ ತಾವಾಗಿಯೇ ಒಂದು ಕಡೆ ಬ್ಯಾಕಪ್ ಆಗಬೇಕು, ಯಾವ ಸಾಫ್ಟ್‌ವೇರ್ ಹಾಕಲಿ ಎಂದು ಕೇಳಿದರೆ ಹತ್ತಾರು ಹೆಸರು ಸಿಗುತ್ತವೆ. ಹೆಸರುಗಳನ್ನು ಹೋಲಿಸುತ್ತ ಕೂರುವುದಕ್ಕಿಂತ ಅವು ಹುಟ್ಟಿದ ಕ್ರಮ ನೋಡುವುದು ಮೇಲು. ಒಂದೊಂದೂ ತನಗಿಂತ ಮುಂಚಿನದು ಎಡವಿದ ಜಾಗದಲ್ಲಿ ಹುಟ್ಟಿದೆ.

1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲಿ ಬಂದ 'ಟಾರ್' ಹೆಸರಿನಲ್ಲೇ ಟೇಪನ್ನು ಹೊತ್ತುಕೊಂಡಿದೆ. ತೊಂಬತ್ತರ ದಶಕದ ಆರಂಭದಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ 'ಅಮಾಂಡಾ' ನೆಟ್‌ವರ್ಕಿನ ಹಲವು ಯಂತ್ರಗಳ ಫೈಲುಗಳನ್ನು ಒಂದು ಡಿಸ್ಕಿಗೆ ತಂದು ಪೇರಿಸಿ, ಅಲ್ಲಿಂದ ಟೇಪಿಗೆ ಇಳಿಸುತ್ತಿತ್ತು. ಈ ಪೀಳಿಗೆಯ ತಂತ್ರಾಂಶಗಳೆಲ್ಲ ಕಚೇರಿಯ ರಾತ್ರಿಯನ್ನು ನಂಬಿದ್ದವು: ಯಂತ್ರಗಳು ಆನ್ ಆಗಿರುತ್ತವೆ, ಟೇಪ್ ಬದಲಿಸಲು ಒಬ್ಬ ಆಸಾಮಿ ಇರುತ್ತಾನೆ. ಮನೆಯಲ್ಲಿ ರಾತ್ರಿಯಾದರೆ ಲ್ಯಾಪ್‌ಟಾಪ್ ಮುಚ್ಚಿ ಮಲಗುತ್ತೇವೆ.

1996ರಲ್ಲಿ ಆಂಡ್ರೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಾಸ್ ಬಿಡುಗಡೆ ಮಾಡಿದ 'ಆರ್‌ಸಿಂಕ್' ಬೇರೆಯೇ ತೊಡಕನ್ನು ಬಿಡಿಸಿತು. ಬದಲಾದ ಫೈಲನ್ನು ಪೂರ್ತಿ ಕಳಿಸದೆ, ಬದಲಾದ ಭಾಗವನ್ನಷ್ಟೇ ಕಳಿಸುವುದು ಹೇಗೆ? ಹಳೆಯ ಪ್ರತಿ ಇರುವ ಯಂತ್ರ ಅದನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಎರಡು ಗುರುತು ಕಟ್ಟಿ ಕಳಿಸುತ್ತದೆ: ಬೇಗ ಲೆಕ್ಕ ಹಾಕಬಹುದಾದ ದುರ್ಬಲ ಗುರುತೊಂದು, ಸುಲಭಕ್ಕೆ ಮೋಸಹೋಗದ ಬಲವಾದದ್ದೊಂದು. ಹೊಸ ಪ್ರತಿ ಇರುವ ಯಂತ್ರ ತನ್ನ ಫೈಲಿನ ಮೇಲೆ ಒಂದೊಂದೇ ಬೈಟ್ ಜರುಗುತ್ತ ದುರ್ಬಲ ಗುರುತನ್ನು ಹುಡುಕುತ್ತದೆ. ಹೊಂದಿದರೆ ಮಾತ್ರ ಬಲವಾದದ್ದನ್ನು ತಾಳೆ ನೋಡುತ್ತದೆ. ಹೊಂದದ ಭಾಗ ಮಾತ್ರ ತಂತಿಯ ಮೇಲೆ ಹೋಗುತ್ತದೆ. ನಿಧಾನಗತಿಯ ಸಂಪರ್ಕದ ಆ ದಿನಗಳಲ್ಲಿ ಇದು ವರವಾಯಿತು. ಇಂದಿಗೂ ಎಷ್ಟೋ ಬ್ಯಾಕಪ್ ಸಾಧನಗಳ ಹೊಟ್ಟೆಯೊಳಗೆ ಆರ್‌ಸಿಂಕ್ ಕೂತಿದೆ.

ಆದರೆ ಬರಿಯ ಆರ್‌ಸಿಂಕ್ ಕೊಡುವುದು ಕನ್ನಡಿ. ರಾತ್ರಿ ಹನ್ನೊಂದಕ್ಕೆ ಅದು ತಾನೇ ಓಡುವಂತೆ ಇಟ್ಟಿದ್ದೆ, ಮೂಲದಲ್ಲಿ ಅಳಿಸಿದ್ದನ್ನು ನಕಲಿನಲ್ಲೂ ಅಳಿಸು ಎಂಬ ಆಯ್ಕೆಯ ಸಮೇತ. ಒಂದು ಸಂಜೆ ಡಿಸ್ಕಿನಲ್ಲಿ ಜಾಗ ಮಾಡಲು ಹೋಗಿ ಊರಜಾತ್ರೆಯ ಚಿತ್ರಗಳ ಫೋಲ್ಡರನ್ನೇ ಅಳಿಸಿಬಿಟ್ಟೆ. ಬೆಳಿಗ್ಗೆ ನೆನಪಾಗಿ ಓಡಿಹೋಗಿ ನೋಡಿದರೆ ಆರ್‌ಸಿಂಕ್ ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿತ್ತು. ಇಂದು ಜನಪ್ರಿಯವಾಗಿರುವ 'ಸಿಂಕ್‌ಥಿಂಗ್' ಬಳಸುವವರೂ ಇದನ್ನು ಗಮನದಲ್ಲಿಡಬೇಕು. ಎರಡು ಯಂತ್ರಗಳನ್ನು ಒಂದೇ ಥರ ಇಡುವ ಕೆಲಸ ಬೇರೆ, ಬ್ಯಾಕಪ್ ಬೇರೆ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಇನ್ನೊಂದು ಕಾಟವಿತ್ತು. 'ಫೋಟೋ' ಎಂಬಲ್ಲಿನ ಓಕಾರವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿ ಒಡೆದೂ ಬರೆಯಬಹುದು. ಮ್ಯಾಕಿನ ಹಳೆಯ ಫೈಲ್ ವ್ಯವಸ್ಥೆ ಒಡೆದೇ ಇಡುತ್ತಿತ್ತು. ಲಿನಕ್ಸ್ ಕೊಟ್ಟದ್ದನ್ನು ಕೊಟ್ಟಂತೆ ಇಡುತ್ತದೆ. ಕಣ್ಣಿಗೆ ಒಂದೇ ಹೆಸರು, ಯಂತ್ರಕ್ಕೆ ಎರಡು ಫೈಲು. ಆರ್‌ಸಿಂಕ್ 3.0ರಲ್ಲಿ ಹೆಸರುಗಳನ್ನು ಪರಿವರ್ತಿಸುವ ಆಯ್ಕೆ ಬಂದಮೇಲೆ ಇದಕ್ಕೊಂದು ದಾರಿಯಾಯಿತು.

ಕನ್ನಡಿಗೆ ನೆನಪು ಬಂದದ್ದು 'ಹಾರ್ಡ್ ಲಿಂಕ್' ಎಂಬ ಹಳೆಯ ಯುನಿಕ್ಸ್ ಸೌಲಭ್ಯದಿಂದ. ಡಿಸ್ಕಿನ ಮೇಲಿನ ಒಂದೇ ಫೈಲಿಗೆ ಎರಡು ಮೂರು ಹೆಸರು ಕೊಡಬಹುದು. ಕೊನೆಯ ಹೆಸರು ಅಳಿಯುವ ತನಕ ಫೈಲು ಉಳಿಯುತ್ತದೆ. ದಿನಕ್ಕೊಂದು ಫೋಲ್ಡರ್ ಮಾಡಿ, ಬದಲಾಗದ ಫೈಲುಗಳಿಗೆ ಹೊಸ ಹೆಸರನ್ನಷ್ಟೇ ಸೇರಿಸಿದರೆ ಪ್ರತಿ ಫೋಲ್ಡರೂ ಪೂರ್ಣ ನಕಲಿನಂತೆ ಕಾಣುತ್ತದೆ, ಜಾಗ ಮಾತ್ರ ಬದಲಾದದ್ದಕ್ಕಷ್ಟೇ ಖರ್ಚು. 'ಆರ್‌ಸ್ನ್ಯಾಪ್‌ಶಾಟ್' ನಿಂತಿರುವುದು ಇದರ ಮೇಲೆ. 2007ರಲ್ಲಿ ಆಪಲ್ ತಂದ 'ಟೈಮ್ ಮೆಷಿನ್' ಇದೇ ಉಪಾಯಕ್ಕೆ ಚೆಂದದ ಅಂಗಿ ತೊಡಿಸಿತು: ಕಳೆದ ಒಂದು ದಿನಕ್ಕೆ ಗಂಟೆಗೊಂದು, ಒಂದು ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಕ್ಕೆ ವಾರಕ್ಕೊಂದು ಪ್ರತಿ. ಬ್ಯಾಕಪ್ ಎಂದರೆ ಆಕಳಿಸುತ್ತಿದ್ದ ಮನೆಮಂದಿ ಅದನ್ನು ಬಳಸತೊಡಗಿದ್ದು ಆಮೇಲೆ.

ನನ್ನ ಲೆಕ್ಕದಲ್ಲಿ ಹೆಚ್ಚು ಮೆಚ್ಚಬೇಕಾದದ್ದು ಅದಕ್ಕೂ ಮುಂಚೆ, 2001ರಲ್ಲಿ, ಕ್ರೇಗ್ ಬ್ಯಾರಟ್ ಬರೆದ 'ಬ್ಯಾಕಪ್‌ಪಿಸಿ'. ಇಲ್ಲಿ ಸರ್ವರೇ ಹೋಗಿ ಫೈಲುಗಳನ್ನು ಎಳೆದು ತರುತ್ತದೆ. ಒಂದೇ ಫೈಲು ನಾಲ್ಕು ಯಂತ್ರಗಳಲ್ಲಿದ್ದರೆ ಒಮ್ಮೆ ಮಾತ್ರ ಇಡುತ್ತದೆ. ಲ್ಯಾಪ್‌ಟಾಪ್ ನೆಟ್‌ವರ್ಕಿಗೆ ಬಂತೇ ಎಂದು ಆಗಾಗ ಕರೆದು ನೋಡಿ, ಬಂದಾಗ ಕೆಲಸ ಮುಗಿಸಿಕೊಳ್ಳುತ್ತದೆ. ಕೊರತೆಯೂ ಉಂಟು: ವಿಂಡೋಸಿನ ಹಂಚಿದ ಫೋಲ್ಡರಿನ ಮೂಲಕ ಎಳೆದರೆ, ಬೇರೊಂದು ಪ್ರೋಗ್ರಾಮ್ ತೆರೆದು ಬೀಗ ಹಾಕಿಕೊಂಡ ಫೈಲು ಅದರ ಕೈಗೆ ಸಿಗದು. ಲೆಕ್ಕಪತ್ರದ ತಂತ್ರಾಂಶವನ್ನು ಬೆಳಗಿಂದ ಸಂಜೆಯವರೆಗೆ ತೆರೆದಿಡುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಹೊಸ ಕಾಲದ 'ಉರ್‌ಬ್ಯಾಕಪ್' ವಿಂಡೋಸಿನ 'ಶ್ಯಾಡೋ ಕಾಪಿ'ಯ ನೆರವಿನಿಂದ ತೆರೆದ ಫೈಲನ್ನೂ ಹಿಡಿಯುತ್ತದೆ.

ಮುಂದಿನ ಹೆಜ್ಜೆ ಫೈಲಿಗಿಂತ ಕೆಳಗೆ ಇಳಿಯಿತು. 2002ರಲ್ಲಿ ಬೆಲ್ ಲ್ಯಾಬ್ಸ್‌ನ 'ವೆಂಟಿ' ದತ್ತಾಂಶವನ್ನು ತುಂಡುಗಳಾಗಿಸಿ, ಪ್ರತಿ ತುಂಡಿಗೂ ಅದರ ಒಳಗಿನದ್ದರಿಂದಲೇ ವಿಳಾಸ ಕೊಟ್ಟಿತು. ಒಂದೇ ತುಂಡನ್ನು ಎರಡು ಸಲ ಇಡಲು ಆಗುವುದೇ ಇಲ್ಲ. ತುಂಡಿನ ಅಳತೆ ಸಮನಾಗಿದ್ದರೆ ಫೈಲಿನ ಆರಂಭದಲ್ಲಿ ಒಂದಕ್ಷರ ಸೇರಿದರೂ ಎಲ್ಲ ತುಂಡೂ ಜರುಗಿ ಹೊಸದಾಗುತ್ತವೆ. ಎಲ್ಲಿ ಕತ್ತರಿಸಬೇಕೆಂಬುದನ್ನು ಒಳಗಿನ ಬೈಟುಗಳಿಂದಲೇ ನಿರ್ಧರಿಸಿದರೆ ಆ ತಾಪತ್ರಯವಿಲ್ಲ. 2015ರ ಸುಮಾರಿಗೆ ಬಂದ 'ಬೋರ್ಗ್', 'ರೆಸ್ಟಿಕ್' ಮತ್ತು ಆಮೇಲಿನ 'ಕೋಪಿಯಾ' ಈ ದಾರಿಯವು. ರೆಸ್ಟಿಕ್ ಎಲ್ಲವನ್ನೂ ಗೂಢಲಿಪಿಯಲ್ಲೇ ಇಡುತ್ತದೆ. ಪಾಸ್‌ವರ್ಡ್ ಮರೆತಿರೋ, ಯಾರಿಗೂ ತೆಗೆದುಕೊಡಲಾಗದು.

ತಂತ್ರಜ್ಞರ ತಲೆ ಜಾಗ ಉಳಿಸುವುದರಲ್ಲಿ ಮುಳುಗಿದ್ದಾಗ 2013ರಲ್ಲಿ 'ಕ್ರಿಪ್ಟೋಲಾಕರ್' ಬಂತು. ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ಈ ಕುತಂತ್ರಾಂಶ, ಡ್ರೈವ್ ಅಕ್ಷರ ಕೊಟ್ಟು ಜೋಡಿಸಿಟ್ಟ ನೆಟ್‌ವರ್ಕ್ ಫೋಲ್ಡರುಗಳನ್ನೂ ಬಿಡಲಿಲ್ಲ. 2022ರ ಜನವರಿಯಲ್ಲಿ 'ಡೆಡ್‌ಬೋಲ್ಟ್' ಇಂಟರ್ನೆಟ್ಟಿಗೆ ತೆರೆದಿದ್ದ ಮನೆಗಳ 'ನ್ಯಾಸ್' ಪೆಟ್ಟಿಗೆಗಳನ್ನೇ, ಅಂದರೆ ನೆಟ್‌ವರ್ಕಿಗೆ ಜೋಡಿಸಿಟ್ಟ ಡಿಸ್ಕ್ ಪೆಟ್ಟಿಗೆಗಳನ್ನೇ, ಹುಡುಕಿ ಹಿಡಿಯಿತು. ಯಾವ ಸಾಫ್ಟ್‌ವೇರ್ ಎಂಬುದಕ್ಕಿಂತ, ಬ್ಯಾಕಪ್ ಇರುವ ಜಾಗಕ್ಕೆ ಬರೆಯುವ ಅಧಿಕಾರ ಯಾರಿಗಿದೆ ಎಂಬುದು ಅಲ್ಲಿಂದಾಚೆಗೆ ದೊಡ್ಡದಾಯಿತು. ಸರ್ವರ್ ತಾನೇ ಎಳೆಯುವ ಬ್ಯಾಕಪ್‌ಪಿಸಿಯ ಹಳೆಯ ವಿನ್ಯಾಸಕ್ಕೆ ಇಲ್ಲಿ ಹೊಸ ಬೆಲೆ ಬಂತು: ಸೋಂಕು ತಗುಲಿದ ಲ್ಯಾಪ್‌ಟಾಪಿಗೆ ಹಳೆಯ ಪ್ರತಿಗಳನ್ನು ಮುಟ್ಟುವ ದಾರಿಯೇ ಇರುವುದಿಲ್ಲ. ತಳ್ಳುವ ಜಾತಿಯ ಬೋರ್ಗ್, ರೆಸ್ಟಿಕ್‌ಗಳಲ್ಲಿ 'ಸೇರಿಸಬಹುದು, ಅಳಿಸಲಾಗದು' ಎಂಬ ಸರ್ವರ್ ವ್ಯವಸ್ಥೆಯನ್ನು ನಾವೇ ಮಾಡಿಕೊಳ್ಳಬೇಕು.

ನನ್ನನ್ನು ಕೇಳಿದರೆ, ವಿಂಡೋಸ್ ಹೆಚ್ಚಿರುವ ಮನೆಗೆ ಉರ್‌ಬ್ಯಾಕಪ್, ಮ್ಯಾಕ್ ಮಾತ್ರ ಇದ್ದರೆ ಟೈಮ್ ಮೆಷಿನ್ ಸಾಕು, ಕಮಾಂಡ್ ಬರೆಯಲು ಅಂಜದವರಿಗೆ ರೆಸ್ಟಿಕ್. ಕಂಪನಿಯೊಂದರ ಸೇವೆಯನ್ನೇ ನೆಚ್ಚುವವರು 'ಕ್ರ್ಯಾಶ್‌ಪ್ಲಾನ್' ನೆನೆಯಲಿ. ಗೆಳೆಯರ ಕಂಪ್ಯೂಟರಿಗೂ ಬ್ಯಾಕಪ್ ಮಾಡಬಹುದಾಗಿದ್ದ ಅದರ ಗೃಹ ಆವೃತ್ತಿ ನಿಲ್ಲುತ್ತದೆಂಬ ಘೋಷಣೆ 2017ರಲ್ಲಿ ಹೊರಬಿತ್ತು.

ಆಯ್ಕೆಯಲ್ಲಿ ಜನ ಕೊನೆಗೆ ನೋಡುವ, ನಾನು ಮೊದಲು ನೋಡುವ ಗುಣವೊಂದಿದೆ: ಕೆಲಸ ಕೆಟ್ಟಾಗ ಅದು ಬಾಯಿಬಿಡುತ್ತದೆಯೇ? 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನ ದತ್ತಸಂಚಯ ಅಳಿಸಿದಾಗ, ನಿತ್ಯದ ಬ್ಯಾಕಪ್ ಇರಬೇಕಾದ ಜಾಗ ಖಾಲಿಯಿತ್ತು. ಆವೃತ್ತಿ ಹೊಂದದೆ ಅದು ಸೋಲುತ್ತಲೇ ಇತ್ತು, ಸೋತೆನೆಂದು ಕಳಿಸಿದ ಮೇಲ್‌ಗಳು ತಿರಸ್ಕೃತವಾಗುತ್ತಿದ್ದವು. ಆರು ಗಂಟೆ ಮುಂಚೆ ಒಬ್ಬರು ಬೇರಾವುದೋ ಕೆಲಸಕ್ಕೆ ಕೈಯಾರೆ ತೆಗೆದಿಟ್ಟ ಪ್ರತಿಯೇ ಅವರನ್ನು ಉಳಿಸಿತು.

ನಮ್ಮ ಮೂಲೆಯ ಡೆಸ್ಕ್‌ಟಾಪಿನಲ್ಲಿ ಈಗಲೂ ಬ್ಯಾಕಪ್‌ಪಿಸಿಯೇ ಇದೆ, ಅಭ್ಯಾಸಬಲ. ಯಾವುದಾದರೂ ಯಂತ್ರದ ಬ್ಯಾಕಪ್ ಹಳತಾದರೆ ಅದು ಮೇಲ್ ಕಳಿಸುತ್ತದೆ. ಮಗಳ ಮ್ಯಾಕ್ ಬಹಳ ದಿನದಿಂದ ಕಂಡಿಲ್ಲ ಎಂದು ಮೊನ್ನೆಯೂ ದೂರಿತ್ತು. ಅವಳು ಹಾಸ್ಟೆಲಿನಲ್ಲಿದ್ದಾಳೆ, ದೀಪಾವಳಿಗೆ ಬರುತ್ತಾಳೆ.