ವೀಸಾ ಅರ್ಜಿದಾರರ ಕ್ಷಯ ತಪಾಸಣೆ: ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳು

ಹೊರದೇಶದಲ್ಲಿ ಓದಲು, ದುಡಿಯಲು ಅಥವಾ ನೆಲೆಸಲು ವೀಸಾ ಕೇಳುವವರಿಗೆ ಶ್ವಾಸಕೋಶದ ಕ್ಷಯ ಇದೆಯೇ ಎಂದು ಹೊರಡುವ ಮೊದಲೇ ನೋಡುವ ವೈದ್ಯಕೀಯ ಪರೀಕ್ಷೆ. ಬ್ರಿಟನ್ನಿನಲ್ಲಿ ಆರು ತಿಂಗಳಿಗಿಂತ ಹೆಚ್ಚು ಇರಲು ಹೊರಟ ಭಾರತೀಯರು ಕ್ಷಯವಿಲ್ಲವೆಂಬ ಪ್ರಮಾಣಪತ್ರ ಕೊಡಬೇಕು. ಆ ಪತ್ರದ ಆಯುಸ್ಸೂ ಆರೇ ತಿಂಗಳು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಯ ಅರ್ಜಿದಾರರು ಇದಕ್ಕಾಗಿ ಬೆಂಗಳೂರಿನಂಥ ಮಹಾನಗರಕ್ಕೇ ಹೋಗಬೇಕು. ಆಯಾ ದೇಶ ಮಾನ್ಯ ಮಾಡಿದ ಕೇಂದ್ರದ ಪರೀಕ್ಷೆಗಷ್ಟೇ ಬೆಲೆ. ತಾಲ್ಲೂಕು ಆಸ್ಪತ್ರೆಯ ಎಕ್ಸ್‌ರೇ ಎಷ್ಟೇ ಸ್ಪಷ್ಟವಾಗಿದ್ದರೂ ರಾಯಭಾರ ಕಚೇರಿಗೆ ಅದು ಲೆಕ್ಕಕ್ಕಿಲ್ಲ.

ಮೊದಲು ಎದೆಯ ಎಕ್ಸ್‌ರೇ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಿಗೆ ಹೋಗುವವರಲ್ಲಿ 11 ವರ್ಷ ತುಂಬಿದವರಿಗೆ, ಅಮೆರಿಕದ ವಲಸೆ ವೀಸಾಕ್ಕೆ 15 ತುಂಬಿದವರಿಗೆ ಇದು ಸಾಮಾನ್ಯ ನಿಯಮ. ಚಿತ್ರದಲ್ಲಿ ಅನುಮಾನ ಕಂಡರೆ ಬೇರೆ ಬೇರೆ ದಿನ ಮೂರು ಸಲ ಕಫ ಪಡೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಾಣು ಬೆಳೆಯುತ್ತದೆಯೇ ಎಂದು ಕಾಯುತ್ತಾರೆ. ಕ್ಷಯದ ರೋಗಾಣು ತೀರ ನಿಧಾನವಾಗಿ ಬೆಳೆಯುವುದರಿಂದ ಈ ಕಾಯುವಿಕೆ ಎಂಟು ವಾರವಾದರೂ ಆಗಬಹುದು. ಕಾಲೇಜು ಶುರುವಾಗುವ ಹೊತ್ತಿಗೆ ಅರ್ಜಿ ಹಾಕಿದವರು ಸಿಕ್ಕಿಬೀಳುವುದು ಇಲ್ಲೇ. ಗರ್ಭಿಣಿಯರು ಎಕ್ಸ್‌ರೇ ಬದಲು ಕಫ ಪರೀಕ್ಷೆ ಕೇಳಬಹುದು. ಕೊಲ್ಲಿ ದೇಶಗಳ ಧೋರಣೆ ಇನ್ನೂ ಬಿಗಿ: ಎಂದೋ ವಾಸಿಯಾದ ಕ್ಷಯದ ಕಲೆ ಕಂಡರೂ ‘ಅನರ್ಹ’ ಎಂದು ಬರೆಯುವುದುಂಟು. ಗುಣವಾದವರನ್ನು ರೋಗಿಯಂತೆ ಕಾಣುವ ಈ ಪದ್ಧತಿಗೆ ವೈದ್ಯಶಾಸ್ತ್ರದ ಬೆಂಬಲ ಕಡಿಮೆ.

ರೋಗ ಖಚಿತವಾದರೆ ಪ್ರಯಾಣ ನಿಲ್ಲುತ್ತದೆ, ಆದರೆ ದಾರಿ ಮುಚ್ಚುವುದಿಲ್ಲ. ಔಷಧಿಗೆ ಬಗ್ಗುವ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು: ಎರಡು ತಿಂಗಳು ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್, ಆಮೇಲಿನ ನಾಲ್ಕು ತಿಂಗಳು ಪೈರಜಿನಮೈಡ್ ಬಿಟ್ಟು ಉಳಿದ ಮೂರು. ಮಾತ್ರೆಯ ಸಂಖ್ಯೆ ಮೈತೂಕದ ಮೇಲೆ. ರಿಫಾಂಪಿಸಿನ್‌ನಿಂದ ಮೂತ್ರ ಕೆಂಪಾಗುತ್ತದೆ. ರಕ್ತ ಹೋಗುತ್ತಿದೆಯೆಂದು ಹೆದರಿ ಔಷಧಿ ಬಿಡಬಾರದು. ಚಿಕಿತ್ಸೆ ಮುಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ ಅರ್ಜಿ ಹಾಕಬಹುದು.

ಇದೇ ಮಾತ್ರೆ ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತ. ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಹೆಸರು ದಾಖಲಾದವರಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡುವ ಯೋಜನೆ 2018ರಲ್ಲಿ ಬಂತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ.

ಈ ಸೀಮೆಯಿಂದ ಹೊರಗೆ ಹೋಗುವವರಲ್ಲಿ ವಿಮಾನ ಹತ್ತುವವರು ಕೆಲವರು. ಗುಳೆ ಹೋಗುವವರೇ ಬಹಳ. ಮಳೆ ಕೈಕೊಟ್ಟ ವರ್ಷ ಹಳ್ಳಿ, ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟವರನ್ನು ಯಾವ ಎಕ್ಸ್‌ರೇಯೂ ತಡೆದು ನೋಡುವುದಿಲ್ಲ. ಅವರಿಗೆ ತಡೆ ಬೇಡ, ತಪಾಸಣೆ ಬೇಕು. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ, 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಫದಲ್ಲಿ ರೋಗಾಣು ಇದ್ದವರ ಪೈಕಿ ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅಂದರೆ ರೋಗ ಪತ್ತೆಯಾಗದೆ ಉಳಿಯಲು ರೋಗಿಗಳ ಅಸಡ್ಡೆಯಷ್ಟೇ ಕಾರಣವಲ್ಲ; ಕೆಮ್ಮೆಂದು ಬಂದವರ ಕಫ ನೋಡದೆ ಕಳಿಸುವುದೂ ಕಾರಣ.

ಎರಡು ವಾರ ಮೀರಿದ ಕೆಮ್ಮಿದ್ದರೆ ಊರು ಬಿಡುವ ಮೊದಲೇ ಕಫ ಪರೀಕ್ಷೆ ಮಾಡಿಸಬೇಕು. ಚಿಕಿತ್ಸೆ ಶುರುವಾಗಿದ್ದರೆ, ಕಾರ್ಯಕ್ರಮದಲ್ಲಿ ಹೆಸರು ದಾಖಲಾದಾಗ ಕೊಟ್ಟ ನಿಕ್ಷಯ್ ಸಂಖ್ಯೆ ಬರೆದಿಟ್ಟುಕೊಂಡು ಹೋಗಬೇಕು. ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ತೋರಿಸಿ ಉಳಿದ ಮಾತ್ರೆಗಳನ್ನು ಪಡೆಯಬಹುದು. ಸಹಾಯವಾಣಿ: 1800-11-6666.